ಡಂಕ್ ಮತ್ತು ಎಗ್: ಸರಣಿ ನೋಡುವ ಮೊದಲು ಚಿತ್ರಗಳ ಪುಸ್ತಕ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ನೈಟ್ ಆಫ್ ದ ಸೆವೆನ್ ಕಿಂಗ್‌ಡಮ್ಸ್’ ಎಂಬ ಚಿತ್ರಗಳಿರುವ ಕಥಾಸಂಕಲನ ಮತ್ತು ಅದರಿಂದ ಮಾಡಿದ ಟಿವಿ ಸರಣಿಯ ಬಗ್ಗೆ ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇಲ್ಲಿವೆ. ಸುಲಭದವು ಮೊದಲು. ಕಥೆಯ ಗುಟ್ಟು ಬಿಟ್ಟುಕೊಡುವಂಥವನ್ನು ಕೊನೆಯ ಗುಂಪಿಗೆ ತಳ್ಳಿದ್ದೇವೆ. ಮೊದಲ ಕಥೆಯನ್ನಾದರೂ ಓದಿರದಿದ್ದರೆ ಆ ಗುಂಪಿನ ತಲೆಬರಹ ಕಂಡಲ್ಲೇ ನಿಲ್ಲಿ.

## ಮೊದಮೊದಲ ಪ್ರಶ್ನೆಗಳು

ಇದು ಗೇಮ್ ಆಫ್ ಥ್ರೋನ್ಸ್‌ನದೇ ಪುಸ್ತಕಾನಾ, ಬೇರೆಯಾ?

ಲೋಕ ಅದೇ, ಕಾಲ ಬೇರೆ. ‘ಗೇಮ್ ಆಫ್ ಥ್ರೋನ್ಸ್’ ಕಥೆ ಶುರುವಾಗುವುದಕ್ಕೆ ಸುಮಾರು 90 ವರ್ಷ ಮೊದಲು ಇದು ನಡೆಯುತ್ತದೆ. ಕಥೆ ನಡೆಯುವ ಕಲ್ಪಿತ ನಾಡು ವೆಸ್ಟೆರಾಸ್‌ನಲ್ಲಿ ವರ್ಷ ಎಣಿಸುವುದು ಮೊದಲ ಏಗಾನ್ ರಾಜ್ಯಗಳನ್ನು ಗೆದ್ದಲ್ಲಿಂದ. ಆ ಲೆಕ್ಕದಲ್ಲಿ ಮೊದಲ ಕಥೆ 209ರದು, ಮೂರನೆಯದು 212ರದು. ಸಿಂಹಾಸನದಲ್ಲಿ ಇನ್ನೂ ಟಾರ್ಗೇರಿಯನ್ ರಾಜವಂಶದವರೇ ಕೂತಿದ್ದಾರೆ.

ಆದರೆ ಹೇಳುವ ಧಾಟಿ ಪೂರ್ತಿ ಬೇರೆ. ದೊಡ್ಡ ಕಾದಂಬರಿಗಳಲ್ಲಿ ಅಧ್ಯಾಯಕ್ಕೊಬ್ಬರ ಕಣ್ಣಿನಿಂದ ಕಥೆ ಸಾಗುತ್ತದೆ. ಇಲ್ಲಿ ಮೊದಲಿಂದ ಕೊನೆಯವರೆಗೆ ಡಂಕ್ ಎಂಬ ಒಬ್ಬ ಹುಡುಗನ ಕಣ್ಣು ಮಾತ್ರ. ಅವನಿಗೆ ಗೊತ್ತಿಲ್ಲದ್ದು ನಮಗೂ ಗೊತ್ತಾಗುವುದಿಲ್ಲ. ರಾಜಕಾರಣ ಹಿತ್ತಿಲಲ್ಲಿ ನಡೆಯುತ್ತಿರುತ್ತದೆ. ಅಂಗಳದಲ್ಲಿರುವುದು ಇವತ್ತಿನ ಊಟ, ಕುದುರೆಗೆ ಹುಲ್ಲು, ರಾತ್ರಿ ಮಲಗಲು ಒಂದು ಮರದಡಿ.

ಗೇಮ್ ಆಫ್ ಥ್ರೋನ್ಸ್ ನೋಡೂ ಇಲ್ಲ, ಓದೂ ಇಲ್ಲ. ಇಲ್ಲಿಂದ ಶುರು ಮಾಡಬಹುದಾ?

ಧಾರಾಳವಾಗಿ. ನಮ್ಮನ್ನು ಕೇಳಿದರೆ ಶುರು ಮಾಡಲು ಇದೇ ಒಳ್ಳೆಯ ಜಾಗ. ದೊಡ್ಡ ಸರಣಿಯ ಮೊದಲ ಪುಸ್ತಕ 1996ರಲ್ಲಿ ಬಂತು, ಸರಣಿ ಇನ್ನೂ ಮುಗಿದಿಲ್ಲ. ಅದನ್ನು ಎತ್ತಿಕೊಂಡರೆ ತಿಂಗಳುಗಟ್ಟಲೆ ಕೆಲಸ. ಇಲ್ಲಿ ಮೊದಲ ಕಥೆಗೆ ನೂರು ಚಿಲ್ಲರೆ ಪುಟ. ಅದಕ್ಕೊಂದು ಆದಿ, ಒಂದು ಅಂತ್ಯ ಇದೆ. ಹಿಡಿಸದಿದ್ದರೆ ಅಲ್ಲಿಗೇ ಬಿಡಬಹುದು.

ಮೊದಲೇ ತಿಳಿದಿದ್ದರೆ ಒಳ್ಳೆಯದು ಅನ್ನಿಸುವ ಸಂಗತಿ ಒಂದೇ: ಟಾರ್ಗೇರಿಯನ್ ರಾಜವಂಶದವರಿಗೆ ಸಾಮಾನ್ಯವಾಗಿ ಬೆಳ್ಳಿಯಂಥ ಕೂದಲು, ನೇರಳೆ ಕಣ್ಣು. ಅವರ ಲಾಂಛನ ಕಪ್ಪು ಬಟ್ಟೆಯ ಮೇಲೆ ಮೂರು ತಲೆಯ ಕೆಂಪು ಡ್ರ್ಯಾಗನ್. ಉಳಿದದ್ದನ್ನು ಡಂಕ್ ಕಲಿಯುವಾಗ ನೀವೂ ಕಲಿಯುತ್ತೀರಿ.

ಡ್ರ್ಯಾಗನ್ ಇರುತ್ತಾ?

ಜೀವಂತ ಡ್ರ್ಯಾಗನ್ ಇಲ್ಲ. ಕೊನೆಯದು ಸತ್ತದ್ದು 153ರಲ್ಲಿ, ಅಂದರೆ ಈ ಕಥೆಗೆ ಐವತ್ತಾರು ವರ್ಷ ಮೊದಲು. ಬಾವುಟ, ಗುರಾಣಿ, ಬೊಂಬೆಯಾಟ, ಕನಸು, ಇಷ್ಟರಲ್ಲೇ ಡ್ರ್ಯಾಗನ್ ಕಾಣುವುದು. ಬೆಂಕಿ ಉಗುಳುವುದನ್ನು ನೋಡಬೇಕೆಂದಿದ್ದರೆ 2022ರಲ್ಲಿ ಶುರುವಾದ ‘ಹೌಸ್ ಆಫ್ ದ ಡ್ರ್ಯಾಗನ್’ ಇದೆ. ಅದರ ಮೂಲ 2018ರ ‘ಫೈರ್ ಆ್ಯಂಡ್ ಬ್ಲಡ್’. ಅದೂ ಚಿತ್ರಗಳಿರುವ ಪುಸ್ತಕವೇ (ಚಿತ್ರಕಾರ ಡಗ್ ವೀಟ್ಲಿ), ಅದೂ ಹಿಂದಿನ ಕಾಲದ ಕಥೆಯೇ. ಅಂಗಡಿಯಲ್ಲಿ ಒಂದರ ಬದಲು ಇನ್ನೊಂದನ್ನು ತಂದವರು ಸಾಕಷ್ಟು ಜನ ಇದ್ದಾರೆ.

ಹೆಜ್ ನೈಟ್ ಅಂದ್ರೆ ಏನು? ಡಿಕ್ಷನರಿಯಲ್ಲಿ ಬೇಲಿ ಅಂತಿದೆ.

ಡಿಕ್ಷನರಿ ತಪ್ಪು ಹೇಳಿಲ್ಲ. ಒಡೆಯನಿಲ್ಲದ, ಮನೆಯಿಲ್ಲದ, ಬೇಲಿಯ ಬುಡದಲ್ಲಿ ಮಲಗುವ ನೈಟ್ ಅವನು. ನೈಟ್ ಎಂದರೆ ದೀಕ್ಷೆ ಪಡೆದ ಕುದುರೆಯೋಧ. ಅವನ ಹೆಸರಿನ ಮುಂದೆ ‘ಸೆರ್’ ಬರುತ್ತದೆ. ಕತ್ತಿ, ಕವಚ, ಕುದುರೆ ಎಲ್ಲ ಅವನದೇ, ಜಮೀನು ಮಾತ್ರ ಇಲ್ಲ. ಯಾರಾದರೂ ದೊರೆ ಕರೆದರೆ ಸೇವೆ, ಸೇವೆ ಮುಗಿದರೆ ಮತ್ತೆ ದಾರಿ. ಊರಿನವರ ಕಣ್ಣಿಗೆ ಅವನಿಗೂ ದರೋಡೆಕೋರನಿಗೂ ಹೆಚ್ಚು ಅಂತರವಿಲ್ಲ.

ಡಂಕ್ ಹುಟ್ಟಿ ಬೆಳೆದದ್ದು ರಾಜಧಾನಿಯ ಫ್ಲೀ ಬಾಟಮ್ ಎಂಬ ಕೊಳಚೆ ಕೇರಿಯಲ್ಲಿ. ಪೆನ್ನಿಟ್ರೀ ಊರಿನ ಸೆರ್ ಆರ್ಲನ್ ಎಂಬ ಮುದಿ ಹೆಜ್ ನೈಟ್ ಅವನನ್ನು ಸ್ಕ್ವೈರ್ ಆಗಿ ಕರೆದುಕೊಂಡು ಹೋದ. ಸ್ಕ್ವೈರ್ ಎಂದರೆ ಅರ್ಧ ಶಿಷ್ಯ, ಅರ್ಧ ಆಳು: ಕುದುರೆ ತಿಕ್ಕುವುದು, ಕವಚದ ತುಕ್ಕು ತೆಗೆಯುವುದು, ಅಡುಗೆ, ಜೊತೆಗೆ ಯುದ್ಧದ ಪಾಠ. ಪುಸ್ತಕ ತೆರೆಯುವುದೇ ಡಂಕ್ ಆ ಮುದುಕನಿಗೆ ಗುಂಡಿ ತೋಡುವ ದೃಶ್ಯದಿಂದ.

ಎರಡನೇ ಕಥೆಯ ಹೆಸರಿನಲ್ಲಿರುವ ‘ಸ್ವೋರ್ನ್ ಸೋರ್ಡ್’ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಅವನು ಒಬ್ಬ ಒಡೆಯನಿಗೆ ಆಣೆಯಿಟ್ಟು ಕತ್ತಿ ಒಪ್ಪಿಸಿದವನು. ಹಳಗನ್ನಡ ಓದಿದವರಿಗೆ ‘ಜೋಳವಾಳಿ’ ಎಂದರೆ ತಟ್ಟನೆ ಹೊಳೆಯಬಹುದು. ಉಂಡ ಜೋಳದ ಋಣಕ್ಕೆ ಒಡೆಯನ ಪರವಾಗಿ ನಿಲ್ಲುವ ಕಟ್ಟು ಅದು. ಒಡೆಯ ಮಾಡುತ್ತಿರುವುದು ಸರಿಯಿಲ್ಲ ಎಂದು ಅನುಮಾನ ಬಂದ ಮೇಲೂ ಆ ಋಣ ಉಳಿಯುತ್ತದೆಯೇ ಎಂಬ ಇಕ್ಕಟ್ಟಿನ ಮೇಲೆ ಆ ಕಥೆ ನಿಂತಿದೆ.

ಮೂರು ಕಥೆ ಅಂತಾರೆ, ಒಂದೇ ಕಾದಂಬರಿ ಅಂತಾರೆ. ಯಾವುದು ಸರಿ?

ಮೂರು ನೀಳ್ಗತೆಗಳು, ಅದೇ ಇಬ್ಬರು ನಾಯಕರು: ಡಂಕ್, ಮತ್ತು ಅವನ ಸ್ಕ್ವೈರ್ ಆಗುವ ಎಗ್ ಎಂಬ ಹುಡುಗ. ‘ದ ಹೆಜ್ ನೈಟ್’ 1998ರಲ್ಲಿ, ‘ದ ಸ್ವೋರ್ನ್ ಸೋರ್ಡ್’ 2003ರಲ್ಲಿ, ‘ದ ಮಿಸ್ಟರಿ ನೈಟ್’ 2010ರಲ್ಲಿ ಬೇರೆ ಬೇರೆ ಸಂಕಲನಗಳಲ್ಲಿ ಬಂದವು. 2015ರ ಅಕ್ಟೋಬರ್‌ನಲ್ಲಿ ಮೂರನ್ನೂ ಸೇರಿಸಿ, ಚಿತ್ರ ಹಾಕಿಸಿ ಈ ಪುಸ್ತಕ ಮಾಡಿದರು. ಇದೇ ಅನುಕ್ರಮದಲ್ಲಿ ಓದಿ. ಪ್ರತಿ ಕಥೆಯೂ ತನ್ನಷ್ಟಕ್ಕೆ ಮುಗಿಯುತ್ತದೆ ನಿಜ, ಆದರೆ ಎರಡನೆಯದರ ಮೊದಲ ಪುಟಗಳೇ ಮೊದಲನೆಯದರ ಗುಟ್ಟನ್ನು ಹೊರಹಾಕುತ್ತವೆ.

## ಕೊಳ್ಳುವುದು, ಓದುವುದು

ಒಂದೇ ಹೆಸರಲ್ಲಿ ನಾಲ್ಕೈದು ಪುಸ್ತಕ ಕಾಣ್ತಿವೆ. ಯಾವುದು ತಗೋಬೇಕು?

ಹೊದಿಕೆಯಲ್ಲೋ ಒಳಹಾಳೆಯಲ್ಲೋ ಚಿತ್ರಕಾರ ‘ಗ್ಯಾರಿ ಜಿಯಾನಿ’ ಹೆಸರಿರಬೇಕು. 160ಕ್ಕೂ ಹೆಚ್ಚು ಚಿತ್ರಗಳಿರುವ ಪುಸ್ತಕ ಅದು. ಅಮೆರಿಕದಲ್ಲಿ ಬ್ಯಾಂಟಮ್, ಬ್ರಿಟನ್‌ನಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಟಿಸಿದೆ.

ಎಡವುವುದು ಮೂರು ಕಡೆ. ಮೊದಲನೆಯದು, ‘ದ ಹೆಜ್ ನೈಟ್’ ಎಂಬ ಹೆಸರಿನಲ್ಲೇ ಬಣ್ಣದ ಕಾಮಿಕ್ಸ್ ಇದೆ. ಬೆನ್ ಏವರಿ ರೂಪಾಂತರಿಸಿ, ಮೈಕ್ ಎಸ್. ಮಿಲ್ಲರ್ ಚಿತ್ರ ಬರೆದದ್ದು. ಮೂರೂ ಕಥೆಗಳಿಗೆ ಹಾಗೆ ಕಾಮಿಕ್ಸ್ ಆಗಿದೆ, ಮೂರನೆಯದು ಬಂದದ್ದು 2017ರಲ್ಲಿ. ಚೆನ್ನಾಗಿಯೇ ಇದೆ, ಆದರೆ ಮಾರ್ಟಿನ್ ಅವರ ಗದ್ಯ ಅದರಲ್ಲಿ ಪೂರ್ತಿ ಇಲ್ಲ. ಎರಡನೆಯದು, ‘ಲೆಜೆಂಡ್ಸ್’, ‘ಲೆಜೆಂಡ್ಸ್ 2’, ‘ವಾರಿಯರ್ಸ್’ ಎಂಬ ಹಳೆಯ ಸಂಕಲನಗಳು. ಅವುಗಳಲ್ಲಿ ಒಂದೊಂದೇ ಕಥೆ, ಜಿಯಾನಿಯ ಚಿತ್ರಗಳಿಲ್ಲ.

ಮೂರನೆಯದು ನಕಲಿ ಪ್ರತಿ. ಫುಟ್‌ಪಾತಿನಲ್ಲಿ ನಂಬಲಾಗದ ಬೆಲೆಗೆ ಸಿಗುವ ಪ್ರತಿಯಲ್ಲಿ ಅಕ್ಷರವನ್ನು ಹೇಗೋ ಓದಬಹುದು, ಚಿತ್ರ ಮಾತ್ರ ಹಾಳು. ಒತ್ತೊತ್ತಾಗಿ ಎಳೆದ ಸಣ್ಣ ಗೆರೆಗಳು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕುವಾಗ ಒಂದಕ್ಕೊಂದು ಅಂಟಿ ಕಪ್ಪು ಮಚ್ಚೆಯಾಗುತ್ತವೆ. ಕೊಳ್ಳುವ ಮೊದಲು ಯಾವುದಾದರೂ ಚಿತ್ರದ ನೆರಳಿನ ಭಾಗ ನೋಡಿ. ಗೆರೆಗಳನ್ನು ಬೇರೆ ಬೇರೆಯಾಗಿ ಎಣಿಸಲು ಬಂದರೆ ಅಸಲಿ.

ಫೋನ್‌ನಲ್ಲೋ ಕಿಂಡಲ್‌ನಲ್ಲೋ ಓದಿದ್ರೆ ಚಿತ್ರ ಚೆನ್ನಾಗಿ ಕಾಣುತ್ತಾ?

ಚಿತ್ರಗಳು ಕಪ್ಪು-ಬಿಳುಪು. ಹಾಗಾಗಿ ಬಣ್ಣವಿಲ್ಲದ ಕಿಂಡಲ್‌ನಿಂದ ಬಣ್ಣದ ನಷ್ಟವೇನಿಲ್ಲ, ನಷ್ಟ ಗಾತ್ರದ್ದು. ಆರು ಇಂಚಿನ ಪರದೆಗೆ ಇಳಿಸಿದಾಗ ಹಿನ್ನೆಲೆಯ ಜನಜಂಗುಳಿ, ಡೇರೆಗಳ ಬಾವುಟ ಎಲ್ಲ ಬೂದಿಯಾಗಿ ಕಾಣುತ್ತವೆ. ಚಿತ್ರದ ಮೇಲೆ ಒತ್ತಿ ಹಿಡಿದು ದೊಡ್ಡದು ಮಾಡಿ ನೋಡಿ. ಹತ್ತು ಇಂಚಿನ ಟ್ಯಾಬ್ಲೆಟ್ ಇದ್ದರೆ ಕಥೆ ಕಿಂಡಲ್‌ನಲ್ಲಿ, ಚಿತ್ರ ಟ್ಯಾಬ್ಲೆಟ್‌ನಲ್ಲಿ ಎಂದು ಹಂಚಿಕೊಳ್ಳಬಹುದು. ಖಾತೆ ಒಂದೇ ಆದರೆ ಓದಿದ ಪುಟ ಎರಡರಲ್ಲೂ ತಾನೇ ಹೊಂದಿಕೊಳ್ಳುತ್ತದೆ. ಫೋನ್ ಬೇಡ. ಫೋನಿನಲ್ಲೇ ಓದುವುದಾದರೆ ಚಿತ್ರಗಳ ಪ್ರತಿಗೆಂದು ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿಲ್ಲ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಓದಿ ಮುಗಿಸೋಕೆ ಆಗುತ್ತಾ?

ದೊಡ್ಡ ಕಾದಂಬರಿಗಳಿಗಿಂತ ಇದು ಸುಲಭ. ಡಂಕ್ ಓದು ಬರಹ ಬಾರದವನು, ಅವನ ಯೋಚನೆಯ ವಾಕ್ಯಗಳೂ ಚಿಕ್ಕವು. ತೊಡಕು ಇರುವುದು ಹಳೆಯ ಕಾಲದ ವಸ್ತುಗಳ ಹೆಸರಿನಲ್ಲಿ. ಒಂದು ಮೂವತ್ತು ಪದ ಮೊದಲೇ ಪರಿಚಯವಾದರೆ ಡಿಕ್ಷನರಿಯ ಕಾಟ ಬಹುಪಾಲು ತಪ್ಪುತ್ತದೆ. ಮುಖ್ಯವಾದವು: ‘ಲಿಸ್ಟ್ಸ್’ ಎಂದರೆ ಪಟ್ಟಿಯಲ್ಲ, ಈಟಿಪಂದ್ಯದ ಅಖಾಡ. ‘ಟಿಲ್ಟ್’ ಎಂದರೆ ಈಟಿ ಹಿಡಿದು ಎದುರುಬದುರು ಕುದುರೆ ಓಡಿಸುವ ಒಂದು ಸುತ್ತು. ‘ಪೆವಿಲಿಯನ್’ ಕ್ರಿಕೆಟ್ಟಿನದಲ್ಲ, ದೊರೆಯ ಡೇರೆ. ‘ಮೇಲ್’ ಅಂಚೆಯಲ್ಲ, ಕಬ್ಬಿಣದ ಬಳೆ ಹೆಣೆದ ಅಂಗಿ. ಕತ್ತಿನ ಕವಚ ‘ಗಾರ್ಜೆಟ್’, ಮೊಣಕಾಲ ಕೆಳಗಿನದು ‘ಗ್ರೀವ್ಸ್’, ಕವಚದ ಮೇಲೆ ತೊಡುವ ಲಾಂಛನದ ಬಟ್ಟೆ ‘ಸರ್‌ಕೋಟ್’. ಪುರೋಹಿತ ‘ಸೆಪ್ಟನ್’, ವೈದ್ಯ-ವಿದ್ವಾಂಸ ‘ಮೇಸ್ಟರ್’, ಊರ ಜನಸಾಮಾನ್ಯರು ‘ಸ್ಮಾಲ್‌ಫೋಕ್’. ಡಂಕ್ ಮಾತುಮಾತಿಗೆ ಎಗ್‌ಗೆ ಕೊಡುತ್ತೇನೆ ಎಂದು ಹೆದರಿಸುವ ‘ಕ್ಲೌಟ್’ ಎಂದರೆ ಕಿವಿಯ ಮೇಲೊಂದು ಏಟು.

ಊರು, ಮನೆತನಗಳ ಹೆಸರು ರಾಶಿ ರಾಶಿ ಬರುತ್ತವೆ. ಎಲ್ಲವನ್ನೂ ನೆನಪಿಡಲು ಹೊರಟವರು ಇಪ್ಪತ್ತನೇ ಪುಟಕ್ಕೆ ಸುಸ್ತಾಗುತ್ತಾರೆ. ಡಂಕ್ ಯಾರ ಜೊತೆ ಮಾತಾಡುತ್ತಾನೋ ಅವರನ್ನು ಮಾತ್ರ ನೆನಪಿಡಿ. ಬರೀ ಕೇಳಿಬರುವ ಹೆಸರುಗಳನ್ನು ಜಾತ್ರೆಯ ಗದ್ದಲ ಎಂದು ಬಿಟ್ಟುಬಿಡಿ.

ಎಷ್ಟು ದಿನ ಬೇಕು? ಆಡಿಯೋ ಕೇಳಿದ್ರೆ ಸಾಲದಾ?

ಪುಸ್ತಕ 350ರ ಮೇಲೆ ಪುಟ. ದಿನಕ್ಕೆ ಹನ್ನೆರಡು ಪುಟ ಓದಿದರೆ ಒಂದು ಕಥೆಗೆ ಹತ್ತು ದಿನ, ಮೂರಕ್ಕೂ ಸೇರಿ ತಿಂಗಳು. ಆಡಿಯೋ ಸುಮಾರು ಹತ್ತು ಗಂಟೆ. ಓದಿರುವವರು ಹ್ಯಾರಿ ಲಾಯ್ಡ್, ‘ಗೇಮ್ ಆಫ್ ಥ್ರೋನ್ಸ್’ ಸರಣಿಯ ವಿಸೇರಿಸ್. ದೊರೆಮಕ್ಕಳ ಸೊಕ್ಕು, ಹಳ್ಳಿಗರ ಒರಟು, ಎಗ್‌ನ ತರಲೆ ಎಲ್ಲವೂ ಅವರ ಗಂಟಲಲ್ಲಿ ಬೇರೆ ಬೇರೆ. ಚಿತ್ರ ತಪ್ಪುತ್ತದೆ ಅನ್ನುವುದೊಂದೇ ಕೊರತೆ. ಕೇಳುತ್ತಾ ಪುಸ್ತಕ ಹಿಡಿದು ಕೂತರೆ ಉಚ್ಚಾರಣೆಯ ಗೊಂದಲವೂ ತೀರುತ್ತದೆ.

ಚಿತ್ರ ಇದೆಯಲ್ಲ, ಮಕ್ಕಳಿಗೆ ಕೊಡಬಹುದಾ?

ಹದಿಮೂರು ಹದಿನಾಲ್ಕು ದಾಟಿದವರಿಗೆ ಕೊಡಿ. ದೊಡ್ಡ ಸರಣಿಯಷ್ಟು ಕ್ರೌರ್ಯವಾಗಲಿ ಕಾಮವಾಗಲಿ ಇಲ್ಲ. ಆದರೂ ಮೈ ಮುರಿಯುವ ಹೊಡೆದಾಟ, ಸಾವು, ಒರಟು ಬೈಗುಳ ಇವೆ. ನಾಯಕರಲ್ಲಿ ಒಬ್ಬ ಎಂಟೊಂಬತ್ತು ವರ್ಷದ ಹುಡುಗ ಎಂದಮಾತ್ರಕ್ಕೆ ಮಕ್ಕಳ ಕಥೆಯಾಗುವುದಿಲ್ಲ. ಚಿಕ್ಕವರಿಗಾದರೆ ದೊಡ್ಡವರೇ ಆಯ್ದು ಓದಿ ಹೇಳಬಹುದು.

## ಚಿತ್ರ, ಗುರಾಣಿ, ಕುದುರೆ, ಕಾಸು

ಚಿತ್ರಗಳಲ್ಲಿ ಅಂಥಾದ್ದೇನಿದೆ? ಕಥೆ ಓದಿದ್ರೆ ಆಯ್ತಲ್ಲ.

ಗ್ಯಾರಿ ಜಿಯಾನಿ 2004ರಿಂದ 2012ರವರೆಗೆ ‘ಪ್ರಿನ್ಸ್ ವೇಲಿಯಂಟ್’ ಎಂಬ ಪತ್ರಿಕಾ ಕಾಮಿಕ್ಸ್‌ಗೆ ಚಿತ್ರ ಬರೆದವರು. ಹಾಲ್ ಫಾಸ್ಟರ್ 1937ರಲ್ಲಿ ಶುರು ಮಾಡಿದ, ನೈಟ್‌ಗಳದ್ದೇ ಕಥೆಯಾದ ಕಾಮಿಕ್ಸ್ ಅದು. ಅಂದರೆ ಕವಚ, ಜೀನು, ಕೋಟೆಗಳನ್ನು ಎಂಟು ವರ್ಷ ವಾರವಾರ ಬರೆದು ಪಳಗಿದ ಕೈ. ಮಾರ್ಟಿನ್ ಲೋಕದ 2014ರ ಕ್ಯಾಲೆಂಡರಿಗೂ ಅವರೇ ಚಿತ್ರ ಮಾಡಿದ್ದರು.

ನೋಡಬೇಕಾದದ್ದು ಮುಖ್ಯವಾಗಿ ಅಳತೆ. ಡಂಕ್ ಏಳು ಅಡಿಗೆ ಒಂದಿಂಚು ಕಡಿಮೆ. ಗದ್ಯದಲ್ಲಿ ಅದನ್ನು ಓದಿ ಮರೆತುಬಿಡುತ್ತೇವೆ. ಚಿತ್ರದಲ್ಲಿ ಅವನು ಬಾಗಿಲಿಗೆ ಬಗ್ಗುವುದು, ಪಕ್ಕದಲ್ಲಿ ಎಗ್ ಮೊಣಕೈ ಎತ್ತರಕ್ಕೆ ನಿಲ್ಲುವುದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಇನ್ನೊಂದು, ಬಟ್ಟೆಬರೆ. ದೊರೆಗಳ ಮೈಮೇಲೆ ಗೆರೆ ನಯ, ಡಂಕ್‌ನ ಮೈಮೇಲೆ ಗೆರೆ ಒರಟು.

ಒಂದು ಎಚ್ಚರಿಕೆ ಹೇಳಲೇಬೇಕು. ಪುಸ್ತಕ ಕೈಗೆ ಬಂದ ಕೂಡಲೇ ಚಿತ್ರಗಳನ್ನು ತಿರುವಿ ಹಾಕಬೇಡಿ. ಮುಂದೆ ಯಾರು ಯಾರ ಪಕ್ಕ ನಿಲ್ಲುತ್ತಾರೆ, ಯಾರು ಬೀಳುತ್ತಾರೆ ಎಂಬುದು ಚಿತ್ರಗಳಲ್ಲೇ ಬಯಲಾಗುತ್ತದೆ. ಓದುವಾಗ ಎದುರು ಪುಟದ ಮೇಲೆ ಒಂದು ಪೋಸ್ಟ್‌ಕಾರ್ಡ್ ಮುಚ್ಚಿಟ್ಟುಕೊಂಡರೆ ಸಾಕು. ಕಥೆ ಮುಗಿದ ಮೇಲೆ ಬೇಕಾದರೆ ಒಮ್ಮೆ ಚಿತ್ರಗಳನ್ನಷ್ಟೇ ನೋಡಿಕೊಂಡು ಬನ್ನಿ, ಅದೇ ಒಂದು ಬೇರೆ ಓದು.

ಚಿತ್ರ ಕಪ್ಪು-ಬಿಳುಪು, ಕಥೆಯಲ್ಲಿ ನೋಡಿದ್ರೆ ಬರೀ ಬಣ್ಣದ ಗುರಾಣಿ. ಹೇಗೆ ನೆನಪಿಡೋದು?

ಶಿರಸ್ತ್ರಾಣ ಹಾಕಿದ ಮೇಲೆ ಮುಖ ಕಾಣುವುದಿಲ್ಲ, ಹಾಗಾಗಿ ಗುರಾಣಿಯೇ ಹೆಸರು. ಒಂದು ನೋಟ್‌ಬುಕ್ಕಿನಲ್ಲಿ ಪುಟಕ್ಕೆ ಆರು ಗುರಾಣಿಯ ಆಕಾರ ಬರೆದಿಟ್ಟುಕೊಂಡು, ಹೊಸ ಲಾಂಛನ ಬಂದಾಗ ತುಂಬಿಸುತ್ತಾ ಹೋಗಿ.

ಬಣ್ಣದ ಪೆನ್ಸಿಲ್ ಬೇಕೇ ಬೇಕೆಂದಿಲ್ಲ. ಯುರೋಪಿನ ಲಾಂಛನಶಾಸ್ತ್ರದಲ್ಲಿ 17ನೇ ಶತಮಾನದಿಂದ ಒಂದು ಗೆರೆಯ ಭಾಷೆ ಬಳಕೆಯಲ್ಲಿದೆ: ಉದ್ದುದ್ದ ಗೆರೆ ಎಂದರೆ ಕೆಂಪು, ಅಡ್ಡಗೆರೆ ನೀಲಿ, ಚುಕ್ಕಿ ಚಿನ್ನದ ಬಣ್ಣ, ಖಾಲಿ ಬಿಟ್ಟರೆ ಬೆಳ್ಳಿ ಅಥವಾ ಬಿಳಿ, ಉದ್ದ-ಅಡ್ಡ ಎರಡೂ ಸೇರಿದರೆ ಕಪ್ಪು, ಎಡಮೇಲಿಂದ ಬಲಕೆಳಕ್ಕೆ ಓರೆಗೆರೆ ಹಸಿರು. ಬ್ಯಾರಾಥಿಯನ್ ಮನೆತನದ ಕಿರೀಟ ತೊಟ್ಟ ಸಾರಂಗಕ್ಕೆ ಚುಕ್ಕಿಯ ಹಿನ್ನೆಲೆ, ಅದರ ಮೇಲೆ ಉದ್ದಡ್ಡ ಗೆರೆಯ ಪ್ರಾಣಿ. ಕಿತ್ತಳೆ, ಕಂದು ಬಂದರೆ ಅಕ್ಷರದಲ್ಲೇ ಬರೆದುಬಿಡಿ. ಪಂದ್ಯ ಏರ್ಪಡಿಸುವ ಆಶ್‌ಫರ್ಡ್ ಮನೆತನದ್ದು ಕಿತ್ತಳೆಯ ಮೇಲೆ ಬಿಳಿ ಸೂರ್ಯ. ಸೆರ್ ಆರ್ಲನ್‌ದು ಕಂದಿನ ಮೇಲೆ ರೆಕ್ಕೆಯುಳ್ಳ ಬಟ್ಟಲು.

ಆ ಬಟ್ಟಲನ್ನು ಡಂಕ್ ಹೊರುವಂತಿಲ್ಲ, ಅವನು ಆರ್ಲನ್‌ನ ಮಗನಲ್ಲ. ಹಾಗಾಗಿ ತನ್ನದೇ ಒಂದು ಗುರುತು ಹುಡುಕಬೇಕಾಗುತ್ತದೆ. ಸಂಜೆಯ ಬಾನು, ಒಂದು ಎಲ್ಮ್ ಮರ, ಬೀಳುತ್ತಿರುವ ನಕ್ಷತ್ರ. ಈ ಮೂರೂ ಎಲ್ಲಿಂದ ಬಂದವು ಎಂದು ಕಥೆಯಲ್ಲಿ ಗಮನಿಸಿ.

ಕುದುರೆಗೂ ನಾಲ್ಕಾರು ಹೆಸರು ಯಾಕೆ?

ಕೆಲಸ ಬೇರೆ, ಬೆಲೆ ಬೇರೆ. ‘ಡೆಸ್ಟ್ರಿಯರ್’ ಯುದ್ಧಕ್ಕೂ ಈಟಿಪಂದ್ಯಕ್ಕೂ ಪಳಗಿಸಿದ ಗಂಡುಕುದುರೆ, ಎಲ್ಲಕ್ಕಿಂತ ದುಬಾರಿ. ‘ಪಾಲ್ಫ್ರೀ’ ದೂರದ ಸವಾರಿಯದು. ಅದರ ನಡಿಗೆ ನಯ, ಜೀನಿನ ಮೇಲೆ ಕುಲುಕುವುದಿಲ್ಲ. ‘ಕೋರ್ಸರ್’ ವೇಗದ್ದು. ಡಂಕ್‌ಗೆ ಮುದುಕನಿಂದ ಬಂದದ್ದು ಮೂರು: ಯುದ್ಧಕುದುರೆ ಥಂಡರ್, ಪಾಲ್ಫ್ರೀ ಸ್ವೀಟ್‌ಫುಟ್, ವಯಸ್ಸಾದ ಚೆಸ್ಟ್‌ನಟ್. ಇಷ್ಟೇ ಅವನ ಆಸ್ತಿ. ಮೂರರಲ್ಲಿ ಯಾವುದನ್ನು ಮಾರಬಹುದು, ಯಾವುದನ್ನು ಮಾರಿದರೆ ಕಥೆಯೇ ಮುಗಿಯಿತು ಎಂಬ ಲೆಕ್ಕ ಮೊದಲ ಮೂವತ್ತು ಪುಟಗಳ ಜೀವಾಳ.

ಸ್ಟ್ಯಾಗ್, ಡ್ರ್ಯಾಗನ್, ಪೆನ್ನಿ... ದುಡ್ಡಿನ ಲೆಕ್ಕ ಹೇಗೆ?

ಚಿನ್ನದ ಡ್ರ್ಯಾಗನ್ ಒಂದಕ್ಕೆ ಬೆಳ್ಳಿಯ ಸ್ಟ್ಯಾಗ್ 210. ಸ್ಟ್ಯಾಗ್ ಒಂದಕ್ಕೆ ತಾಮ್ರದ ಪೆನ್ನಿ 56. ಸತ್ತ ಮುದುಕನ ಚೀಲದಲ್ಲಿ ಡಂಕ್‌ಗೆ ಸಿಕ್ಕಿದ್ದು ಮೂರು ಸ್ಟ್ಯಾಗ್, ಹತ್ತೊಂಬತ್ತು ಪೆನ್ನಿ, ಅಂಚು ಒಡೆದ ಒಂದು ಕೆಂಪು ಹರಳು. ಹರಳು ಬಿಟ್ಟರೆ 187 ಪೆನ್ನಿ. ಒಂದು ಡ್ರ್ಯಾಗನ್ ಅಂದರೆ 11,760 ಪೆನ್ನಿ. ಜೀವಮಾನವಿಡೀ ಕತ್ತಿ ಹಿಡಿದವನು ಬಿಟ್ಟುಹೋದದ್ದು ಒಂದು ಚಿನ್ನದ ನಾಣ್ಯದ ಅರವತ್ತರಲ್ಲಿ ಒಂದು ಪಾಲು. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಕವಚದಂಗಡಿಯ ದೃಶ್ಯ ಓದಿ.

ಪಂದ್ಯದಲ್ಲಿ ಸೋತ್ರೆ ಏನಾಗುತ್ತೆ? ಸುಮ್ನೆ ಆಟ ತಾನೆ?

ಗೆದ್ದವನಿಗೆ ಸೋತವನ ಕುದುರೆ ಮತ್ತು ಕವಚ. ಬೇಕಾದರೆ ಸೋತವನು ಹಣ ಕೊಟ್ಟು ಬಿಡಿಸಿಕೊಳ್ಳಬೇಕು. ದೊರೆಮಗನಿಗೆ ಅದು ಪುಡಿಗಾಸು. ಡಂಕ್‌ಗೆ ಒಂದೇ ಸೋಲು ಅಂದರೆ ಸರ್ವನಾಶ, ಒಂದೇ ಗೆಲುವು ಅಂದರೆ ವರ್ಷದ ಅನ್ನ.

ಇದು ಮಾರ್ಟಿನ್ ಹುಟ್ಟಿಸಿದ ನಿಯಮವಲ್ಲ. 12ನೇ ಶತಮಾನದ ಫ್ರಾನ್ಸ್‌ನ ಪಂದ್ಯಗಳು ಹೀಗೇ ಇದ್ದವು. ಆಸ್ತಿಯಿಲ್ಲದ ಕಿರಿಯ ಮಗನಾಗಿ ಹುಟ್ಟಿದ ವಿಲಿಯಂ ಮಾರ್ಷಲ್ ಇಂಥ ಪಂದ್ಯಗಳಲ್ಲೇ ಹಣ, ಹೆಸರು ಮಾಡಿ ಕೊನೆಗೆ ಇಂಗ್ಲೆಂಡಿನ ಬಾಲರಾಜನ ಪರವಾಗಿ ಆಳುವ ಮಟ್ಟಕ್ಕೆ ಏರಿದ, 1219ರಲ್ಲಿ ಸತ್ತ. ಸುಮಾರು 500 ನೈಟ್‌ಗಳನ್ನು ಸೆರೆಹಿಡಿದೆ ಎಂದು ಸಾಯುವಾಗ ಹೇಳಿಕೊಂಡನಂತೆ. ಆದರೆ ಆಗಿನ ಪಂದ್ಯ ಬಯಲಿನಲ್ಲಿ ಗುಂಪುಗುಂಪಾಗಿ ನಡೆಯುತ್ತಿತ್ತು. ನಡುವೆ ಅಡ್ಡತಡೆ ಕಟ್ಟಿ ಒಬ್ಬರೆದುರು ಒಬ್ಬರನ್ನು ಓಡಿಸುವ ಪದ್ಧತಿ 15ನೇ ಶತಮಾನದ್ದು. ಮಾರ್ಟಿನ್ ಎರಡೂ ಕಾಲಗಳನ್ನು ಕಲಸಿದ್ದಾರೆ.

ಆಶ್‌ಫರ್ಡ್‌ನಲ್ಲಿ ಐವರು ವೀರರು ಅಖಾಡದಲ್ಲಿ ಕಾದಿರುತ್ತಾರೆ. ಸವಾಲು ಹಾಕುವವನು ಅವರಲ್ಲಿ ತನಗೆ ಬೇಕಾದವನ ಗುರಾಣಿಗೆ ಈಟಿಯಿಂದ ತಟ್ಟಬೇಕು. ಸೋತ ವೀರನ ಜಾಗಕ್ಕೆ ಗೆದ್ದವನು ಬರುತ್ತಾನೆ. ಯಾರ ಗುರಾಣಿ ತಟ್ಟಿದರೆ ಲಾಭ ಎಂಬ ಲೆಕ್ಕಾಚಾರವೇ ಒಂದು ಚದುರಂಗ.

## ಪುಸ್ತಕ ಮತ್ತು ಸರಣಿ

ಮೊದಲು ಓದೋದಾ, ನೋಡೋದಾ?

ಓದಿ. ಕಾರಣ ಸರಳ: ಮೊದಲ ಸೀಸನ್ ಆರು ಕಂತು, ಕಥೆ ನೂರು ಚಿಲ್ಲರೆ ಪುಟ. ದಪ್ಪ ಕಾದಂಬರಿಯನ್ನು ಹಿಂಡಿ ಸರಣಿ ಮಾಡಿದ ಹಾಗಲ್ಲ ಇದು. ಓದಿದ್ದೆಲ್ಲ ಪರದೆಯ ಮೇಲೆ ಹೆಚ್ಚುಕಡಿಮೆ ಬರುತ್ತದೆ, ಮುಖ್ಯ ತಿರುವುಗಳೂ ಅವೇ. ಮೊದಲು ನೋಡಿದರೆ ಆ ತಿರುವುಗಳು ಪುಸ್ತಕದಲ್ಲಿ ಸಪ್ಪೆಯಾಗುತ್ತವೆ. ಮೊದಲು ಓದಿದರೆ ಸರಣಿಯಲ್ಲಿ ಹೊಸದಾಗಿ ಸೇರಿಸಿದ್ದೇನು ಎಂದು ನೋಡುವ ಸುಖ ಉಳಿಯುತ್ತದೆ.

ಸರಣಿ 2026ರ ಜನವರಿ 18ರಂದು ಎಚ್‌ಬಿಒದಲ್ಲಿ ಶುರುವಾಯಿತು. ಭಾರತದಲ್ಲಿ ಜಿಯೋಹಾಟ್‌ಸ್ಟಾರ್. ನಡೆಸುವವರು ಐರಾ ಪಾರ್ಕರ್. ಡಂಕ್ ಪಾತ್ರಕ್ಕೆ ಪೀಟರ್ ಕ್ಲಾಫಿ, ಮೊದಲು ರಗ್ಬಿ ಆಡುತ್ತಿದ್ದ ಐರಿಷ್ ನಟ. ಎಗ್ ಆಗಿರುವ ಹುಡುಗ ಡೆಕ್ಸ್‌ಟರ್ ಸೋಲ್ ಆ್ಯನ್ಸೆಲ್.

ಪರದೆಗೆ ಬಂದಾಗ ಏನು ಕಳೆದುಹೋಗುತ್ತೆ?

ಡಂಕ್‌ನ ತಲೆಯೊಳಗಿನ ಮಾತು. ಪುಸ್ತಕದಲ್ಲಿ ಅವನು ಹೆಜ್ಜೆಹೆಜ್ಜೆಗೂ ತನ್ನನ್ನೇ ಪೆದ್ದ, ಗೋಡೆಯಷ್ಟು ದಡ್ಡ ಎಂದು ಬೈದುಕೊಳ್ಳುತ್ತಾನೆ, ಮುದುಕ ಹೇಳಿದ್ದನ್ನು ನೆನೆಸಿಕೊಳ್ಳುತ್ತಾನೆ. ಹೊರಗೆ ಆಡುವ ಮಾತು ನಾಲ್ಕು, ಒಳಗೆ ನಲವತ್ತು. ಅವನು ದಡ್ಡನಲ್ಲ ಎಂದು ನಮಗೆ ಗೊತ್ತಾಗುವುದೂ ಆ ಬೈಗುಳಗಳ ನಡುವೆಯೇ. ನಟ ಅದನ್ನು ಮುಖದಲ್ಲಿ ತೋರಿಸಬೇಕು. ಎಷ್ಟೇ ಒಳ್ಳೆಯ ನಟನಾದರೂ ಅರ್ಧ ಉಳಿದುಬಿಡುತ್ತದೆ. ಬದಲಿಗೆ ಸಿಗುವುದು ಸುತ್ತಲಿನವರು. ಪುಸ್ತಕದಲ್ಲಿ ಗಹಗಹಿಸಿ ಮಾಯವಾಗುವ ನೈಟ್ ಲಯನೆಲ್ ಬ್ಯಾರಾಥಿಯನ್ ಸರಣಿಯಲ್ಲಿ ಜಾಗ ತುಂಬಿಕೊಂಡು ಕೂರುತ್ತಾನೆ.

ಎರಡನೇ ಸೀಸನ್‌ಗೆ ಮೊದಲು ಏನು ಓದ್ಕೋಬೇಕು?

‘ದ ಸ್ವೋರ್ನ್ ಸೋರ್ಡ್’ ಮಾತ್ರ. ಎರಡನೇ ಸೀಸನ್ 2027ಕ್ಕೆ ಎಂದು ಘೋಷಿಸಿದ್ದಾರೆ, ಆಧಾರ ಆ ಕಥೆಯೇ. ಮಳೆ ಕೈಕೊಟ್ಟ ಸೀಮೆ, ಒಂದು ಸಣ್ಣ ಹೊಳೆ, ಮೇಲಿನವರು ಅದಕ್ಕೆ ಅಡ್ಡ ಕಟ್ಟಿದ ಒಡ್ಡು, ಕೆಳಗಿನವರ ಒಣಗಿದ ಹೊಲ. ನೀರಿನ ಜಗಳ ಕಂಡ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೂರರಲ್ಲಿ ಅತಿ ನಿಧಾನದ್ದು ಇದೇ, ನಮ್ಮ ಮಟ್ಟಿಗೆ ಅತಿ ಒಳ್ಳೆಯದೂ ಇದೇ. ಇದನ್ನು ಓದುವ ಮೊದಲು ಕೆಳಗಿನ ಬ್ಲ್ಯಾಕ್‌ಫೈರ್ ಉತ್ತರ ನೋಡಿಕೊಂಡರೆ ಮುದುಕ ದೊರೆಯ ಮಾತುಗಳು ಬೇಗ ಹತ್ತುತ್ತವೆ. ಅದರಲ್ಲಿ ಕಥೆಯ ಗುಟ್ಟಿಲ್ಲ.

ಬ್ಲ್ಯಾಕ್‌ಫೈರ್ ಅಂತ ಎಲ್ರೂ ಪಿಸುಗುಡ್ತಾರೆ. ಯಾರದು?

ನಾಲ್ಕನೇ ಏಗಾನ್ ಎಂಬ ಲಂಪಟ ರಾಜ 184ರಲ್ಲಿ ಸಾಯುವ ಹೊತ್ತಿಗೆ ತನ್ನ ಅಕ್ರಮ ಸಂತಾನವನ್ನೆಲ್ಲ ಸಕ್ರಮ ಎಂದು ಘೋಷಿಸಿಬಿಟ್ಟ. ಅವರಲ್ಲಿ ಡೇಮನ್ ಎಂಬವನಿಗೆ ಅದಕ್ಕೂ ಮೊದಲೇ ವಂಶದ ಕತ್ತಿ ‘ಬ್ಲ್ಯಾಕ್‌ಫೈರ್’ ಕೊಟ್ಟಿದ್ದ. ಸಿಂಹಾಸನ ಹಿರಿಯ ಮಗ ಡೇರಾನ್‌ಗೆ, ಕತ್ತಿ ಡೇಮನ್‌ಗೆ: ಜಗಳಕ್ಕೆ ಬೇರೆ ಬೀಜ ಬೇಕೆ? 196ರಲ್ಲಿ ದಂಗೆಯಾಯಿತು. ಡೇಮನ್ ರೆಡ್‌ಗ್ರಾಸ್ ಬಯಲಿನಲ್ಲಿ ಸತ್ತ, ಅವನ ಪರ ನಿಂತವರು ಜಮೀನು ಮಾನ ಎರಡನ್ನೂ ಕಳೆದುಕೊಂಡರು. ಅವರ ಲಾಂಛನ ಬಣ್ಣ ಅದಲುಬದಲಾದ ಡ್ರ್ಯಾಗನ್, ಕೆಂಪಿನ ಮೇಲೆ ಕಪ್ಪು. ಹಾಗಾಗಿ ಪುಸ್ತಕದಲ್ಲಿ ‘ನೀನು ಕೆಂಪೋ ಕಪ್ಪೋ’ ಎಂದರೆ ಹದಿಮೂರು ಹದಿನೈದು ವರ್ಷದ ಹಿಂದಿನ ಆ ಯುದ್ಧದಲ್ಲಿ ಯಾವ ಕಡೆಯಿದ್ದೆ ಎಂದು ಅರ್ಥ. ಮೊದಲ ಕಥೆಯಲ್ಲಿ ಇದು ಗಾಳಿಮಾತು, ಎರಡನೆಯದರಲ್ಲಿ ಹಳೆಯ ಗಾಯ, ಮೂರನೆಯದರಲ್ಲಿ ಮತ್ತೆ ಹೊತ್ತಿಕೊಳ್ಳುವ ಕೆಂಡ.

## ಓದಿದವರಿಗೆ ಮಾತ್ರ

ಏಳು ಜನಕ್ಕೆ ಏಳು ಜನ ಹೊಡೆದಾಡಿ ನ್ಯಾಯ ತೀರಿಸೋದು ನಿಜವಾಗ್ಲೂ ಇತ್ತಾ?

ಏಳರ ಲೆಕ್ಕ ಮಾರ್ಟಿನ್ ಅವರದು, ಆ ಲೋಕದ ದೇವರಿಗೆ ಏಳು ಮುಖ ಇರುವುದರಿಂದ. ಒಬ್ಬರಿಗೊಬ್ಬರು ಹೊಡೆದಾಡಿ ತೀರ್ಪು ಪಡೆಯುವುದು ಮಾತ್ರ ಯುರೋಪಿನ ನಿಜ ಕಾನೂನು. ಪ್ಯಾರಿಸ್ಸಿನ ನ್ಯಾಯಸಭೆಯ ಅಪ್ಪಣೆಯಂತೆ 1386ರ ಡಿಸೆಂಬರ್ 29ರಂದು ಕರೂಜ್ ಮತ್ತು ಲ ಗ್ರಿ ಎಂಬವರ ನಡುವೆ ನಡೆದದ್ದು ಹೆಸರಾಂತ ಪ್ರಕರಣ. ಇಂಗ್ಲೆಂಡಿನಲ್ಲಿ ಆ ಕಾನೂನು ಪುಸ್ತಕದಲ್ಲೇ ಉಳಿದಿತ್ತು. 1817ರಲ್ಲಿ ಒಬ್ಬ ಆರೋಪಿ ಕೈಗವಸು ಎಸೆದು ‘ಹೊಡೆದಾಡಿ ತೀರಿಸುತ್ತೇನೆ’ ಎಂದಾಗ ನ್ಯಾಯಾಧೀಶರು ಬೇಡ ಎನ್ನಲಾಗಲಿಲ್ಲ, 1819ರಲ್ಲಿ ಸಂಸತ್ತು ಆ ಕಾನೂನನ್ನೇ ರದ್ದು ಮಾಡಿತು. ಆ ಮೊಕದ್ದಮೆಯ ಹೆಸರು ‘ಆಶ್‌ಫರ್ಡ್ ವಿರುದ್ಧ ಥಾರ್ನ್‌ಟನ್’. ಊರಿನ ಹೆಸರಿನ ಹೊಂದಿಕೆ ಕಾಕತಾಳೀಯವೇ ಇದ್ದೀತು, ಆದರೂ ಮಜವಾಗಿದೆ.

ಡಂಕ್ ನಿಜವಾಗ್ಲೂ ನೈಟೇನಾ?

ಮಾರ್ಟಿನ್ ನೇರವಾಗಿ ಎಲ್ಲೂ ಹೇಳಿಲ್ಲ, ಸುಳಿವು ಚೆಲ್ಲಿದ್ದಾರೆ. ಆರ್ಲನ್ ಸಾಯುವ ಮೊದಲು ದೀಕ್ಷೆ ಕೊಟ್ಟ ಎನ್ನುವುದು ಡಂಕ್‌ನ ಮಾತು. ಸಾಕ್ಷಿ ಯಾರು ಎಂದರೆ ಮುಳ್ಳುಮರದಲ್ಲಿದ್ದ ಒಂದು ಹಕ್ಕಿ. ಯಾವ ನೈಟ್ ಬೇಕಾದರೂ ಇನ್ನೊಬ್ಬನಿಗೆ ದೀಕ್ಷೆ ಕೊಡಬಹುದು. ಹಾಗಿದ್ದೂ ಅಖಾಡದಲ್ಲಿ ರೇಮನ್ ಫಾಸೊವೇ ಬೇಡಿಕೊಂಡಾಗ ಡಂಕ್ ತಡವರಿಸುತ್ತಾನೆ, ಆ ಕೆಲಸವನ್ನು ಲಯನೆಲ್ ಬ್ಯಾರಾಥಿಯನ್ ಮುಗಿಸುತ್ತಾನೆ. ಸುಳ್ಳು ದೀಕ್ಷೆ ಕೊಡಲು ಮನಸ್ಸು ಬರಲಿಲ್ಲವೇ? ನಾವು ಹಾಗೇ ಓದುತ್ತೇವೆ. ಹಾಗೆ ಓದಿದರೆ, ಬೊಂಬೆಯಾಟದ ಹುಡುಗಿಯ ಬೆರಳು ಮುರಿದ ರಾಜಕುಮಾರನಿಗೆ ದೀಕ್ಷೆ ಆಗಿದೆ, ಅವನಿಗೆ ಒದ್ದವನಿಗೆ ಆಗಿಲ್ಲ. ಅನುಮಾನವಿದ್ದರೆ ಮೊದಲ ಇಪ್ಪತ್ತು ಪುಟ ಮತ್ತೆ ಓದಿ, ದೀಕ್ಷೆಯ ಮಾತು ಬಂದಾಗಲೆಲ್ಲ ಡಂಕ್ ಎಷ್ಟು ಬೇಗ ಮಾತು ಬದಲಿಸುತ್ತಾನೆ ನೋಡಿ.

ಇನ್ನೂ ಕಥೆ ಬರುತ್ತಾ? ಮುಂದೆ ಇಬ್ಬರ ಗತಿ ಏನು?

ಮುಂದಿನ ಕಥೆಗಳ ಯೋಜನೆಯನ್ನು ಮಾರ್ಟಿನ್ ಹೇಳಿಕೊಂಡಿದ್ದಾರೆ. ಒಂದು ಉತ್ತರದ ವಿಂಟರ್‌ಫೆಲ್‌ನಲ್ಲಿ ನಡೆಯುವುದು. ಪ್ರಕಟವಾದದ್ದು ಇನ್ನೂ ಮೂರೇ. ಕೊನೆ ಏನು ಎಂಬುದು ಮಾತ್ರ ದೊಡ್ಡ ಸರಣಿಯ ಪುಸ್ತಕಗಳಿಂದ ತಿಳಿಯುತ್ತದೆ. ಎಗ್ 233ರಲ್ಲಿ ಐದನೇ ಏಗಾನ್ ಆಗಿ ಪಟ್ಟವೇರಿದ. ಡಂಕ್ ರಾಜನ ಅಂಗರಕ್ಷಕ ದಳದ ನಾಯಕನಾದ. 259ರಲ್ಲಿ ಸಮರ್‌ಹಾಲ್ ಅರಮನೆಗೆ ಬಿದ್ದ ಬೆಂಕಿಯಲ್ಲಿ ಇಬ್ಬರೂ ಹೋದರು. ದೊಡ್ಡ ಸರಣಿಯಲ್ಲಿ ಉತ್ತರದ ಗಡಿಯ ಮಹಾಗೋಡೆಯಲ್ಲಿದ್ದ ಕುರುಡು ಮೇಸ್ಟರ್ ಏಮನ್ ಸಾಯುವಾಗ ಕನವರಿಸುವ ‘ಎಗ್’ ಇವನೇ, ಅವನ ತಮ್ಮ.

ಗುರಾಣಿಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಾಲ್ಕನೇ ಕಾದಂಬರಿಯಲ್ಲಿ ಟಾರ್ಥ್ ದ್ವೀಪದ ಬ್ರಿಯೆನ್ ತನ್ನ ಗುರಾಣಿಗೆ ಹೊಸ ಬಣ್ಣ ಹಾಕಿಸುವಾಗ, ಚಿಕ್ಕವಳಿದ್ದಾಗ ಅಪ್ಪನ ಆಯುಧಶಾಲೆಯಲ್ಲಿ ಕಂಡ ಒಂದು ಹಳೆಯ ಚಿತ್ರ ನೆನಪು ಮಾಡಿಕೊಂಡು ಹೇಳುತ್ತಾಳೆ: ಸಂಜೆಯ ಬಾನು, ಒಂದು ಮರ, ಬೀಳುವ ನಕ್ಷತ್ರ. ಅವಳೂ ಊರಿಗೇ ಎತ್ತರದವಳು.